ಕುಂಬಳಕಾಯಿ, ಲೋಟ, ಬಹುವಚನ: ದೀನತೆಯನ್ನು ದಿನಚರಿಗೆ ಇಳಿಸುವ ಬಗೆ

ನಮ್ಮ ಚರ್ಚಿನ ಸಭೆಯಲ್ಲಿ ಸುಗ್ಗಿಯ ಹಬ್ಬದ ದಿನ ಆರಾಧನೆ ಮುಗಿದ ಮೇಲೆ ಹರಾಜು ನಡೆಯುತ್ತದೆ. ಸಭಿಕರು ಕಾಣಿಕೆಯಾಗಿ ತಂದ ತೆಂಗಿನಕಾಯಿ, ಬಾಳೆಗೊನೆ, ರಾಗಿ ಚೀಲ, ಕಾಲು ಕಟ್ಟಿದ ನಾಟಿ ಕೋಳಿ, ಮನೆಯಲ್ಲೇ ಮಾಡಿದ ಕೇಕು, ಹೀಗೆ ಒಂದೊಂದನ್ನೇ ಎತ್ತಿ ಹಿಡಿದು ಬೆಲೆ ಕೂಗುತ್ತಾರೆ. ಬಂದ ದುಡ್ಡು ಸಭೆಯ ಕೆಲಸಕ್ಕೆ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಒಂದು ಬೂದುಗುಂಬಳ ಬಂತು. ಐವತ್ತು ರೂಪಾಯಿಗೆ ಶುರುವಾದ ಕೂಗು ಐನೂರು ದಾಟಿದಾಗ ಉಳಿದವರೆಲ್ಲ ನಕ್ಕು ಸುಮ್ಮನಾದರು. ಕಣದಲ್ಲಿ ಉಳಿದವರು ಇಬ್ಬರೇ: ನಾನು, ಮತ್ತು ಹಿಂದಿನ ಕಮಿಟಿ ಚುನಾವಣೆಯಲ್ಲಿ ನನ್ನ ಎದುರು ನಿಂತಿದ್ದವರು. ಅವರು ಎರಡು ಸಾವಿರ ಎಂದರು, ನಾನು ಎರಡೂವರೆ ಎಂದೆ. ಕೊನೆಗೆ 4,200 ರೂಪಾಯಿಗೆ ಕುಂಬಳಕಾಯಿ ನನ್ನದಾಯಿತು. ಚಪ್ಪಾಳೆ ಬಿತ್ತು. ಸಭಾಪಾಲಕರು ಮೈಕಿನಲ್ಲಿ ನನ್ನ ಹೆಸರು ಹೇಳಿ ದೇವರಿಗೆ ಸ್ತೋತ್ರ ಸಲ್ಲಿಸಿದರು.

ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ತಂದ ಕಾಯಿಯನ್ನು ಅಡುಗೆಮನೆಯಲ್ಲಿ ಇಳಿಸಿದಾಗ ಹೆಂಡತಿ ಕೇಳಿದಳು: “ರೀ, ಹೋದ ತಿಂಗಳು ನಮ್ಮ ಮನೆಗೆಲಸದಾಕೆ ಮಗಳ ಪರೀಕ್ಷೆ ಶುಲ್ಕಕ್ಕೆ ಎರಡು ಸಾವಿರ ಮುಂಗಡ ಕೇಳಿದಾಗ ‘ನೋಡೋಣ’ ಎಂದಿರಲ್ಲ, ನೋಡಿ ಆಯಿತಾ?”

ಆ ಕುಂಬಳದ ಮಜ್ಜಿಗೆಹುಳಿ, ಪಲ್ಯ, ಹಲ್ವ ಎಲ್ಲ ಸೇರಿ ಒಂದು ವಾರ ನಡೆಯಿತು. ಒಂದು ತುತ್ತೂ ಸರಿಯಾಗಿ ಗಂಟಲಲ್ಲಿ ಇಳಿಯಲಿಲ್ಲ.

ನಾನು ದೇವಶಾಸ್ತ್ರ ಓದಿದವನಲ್ಲ. ಸಭೆಯ ಲೆಕ್ಕ ಬರೆದವನು, ಕುರ್ಚಿ ಎಣಿಸಿದವನು. ಆ ಕುಂಬಳಕಾಯಿಯ ನಂತರ ನಾನು ಮಾಡಿ ನೋಡಿದ, ಅರ್ಧಕ್ಕೆ ಬಿಟ್ಟು ಮತ್ತೆ ಹಿಡಿದ ಕೆಲವು ಅಭ್ಯಾಸಗಳನ್ನು ಇಲ್ಲಿ ಒಂದು ಕ್ರಮದಲ್ಲಿ ಬರೆದಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ವಾರಕ್ಕೊಂದು ಸಾಕು.

ಮೊದಲು ನಿಮ್ಮ ಎತ್ತರ ಅಳೆದುಕೊಳ್ಳಿ

ದೀನತೆ ಎಂದೊಡನೆ ನಮಗೆ ಕಾಣುವುದು ಕೈಜೋಡಿಸಿ, ದನಿ ತಗ್ಗಿಸಿ, “ನನ್ನದೇನಿದೆ, ಎಲ್ಲಾ ದೇವರ ಕೃಪೆ” ಎನ್ನುವ ಒಬ್ಬ ಮನುಷ್ಯ. ಹಾಡಲು ಕರೆದರೆ “ಅಯ್ಯೋ, ನನಗೇನು ಬರುತ್ತದೆ” ಎಂದು ಮೂರು ಸಲ ಹೇಳಿಸಿಕೊಂಡು, ನಾಲ್ಕನೆಯ ಸಲಕ್ಕೆ ಐದು ಚರಣ ಹಾಡುವವರನ್ನು ನೀವೂ ನೋಡಿರುತ್ತೀರಿ. ನಾನಂತೂ ಅವರಲ್ಲೊಬ್ಬ.

ಬೈಬಲಿನ ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಯೇಸು ಊಟದ ನಡುವೆ ಎದ್ದು, ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಬೋಗುಣಿಯಲ್ಲಿ ನೀರು ತುಂಬಿ ಶಿಷ್ಯರ ಪಾದ ತೊಳೆಯುವುದು ನಮಗೆಲ್ಲ ಬಾಯಿಪಾಠ. ಅದಕ್ಕೆ ಸ್ವಲ್ಪ ಮೊದಲು ಇನ್ನೊಂದು ಮಾತು ಬರುತ್ತದೆ. ತಂದೆಯು ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೇ ಹೋಗುವವನು ಎಂಬುದು ಆತನಿಗೆ ಗೊತ್ತಿತ್ತು. ತನ್ನ ಎತ್ತರ ಗೊತ್ತಿದ್ದೇ ಬಗ್ಗಿದ. ನಾನು ಎತ್ತರದಲ್ಲೇ ಇಲ್ಲ ಎಂದು ನಟಿಸುವವನು ಬಗ್ಗುವುದಾದರೂ ಎಲ್ಲಿಂದ?

ಆದ್ದರಿಂದ ಮೊದಲ ವಾರ ಪ್ರಾರ್ಥನೆಗೆ ಕೂರುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಯಾರ ಸಂಬಳ ನನ್ನ ಕೈಯಲ್ಲಿದೆ? ನಾನು ಕೋಣೆಗೆ ಬಂದರೆ ಯಾರ ಮಾತು ನಿಲ್ಲುತ್ತದೆ? ಯಾರು ನನ್ನ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ? ನನಗಿಂತ ಹಿರಿಯರಾಗಿದ್ದೂ ನನ್ನನ್ನು ‘ನೀವು’ ಎನ್ನುವ, ನಾನು ‘ನೀನು’ ಎನ್ನುವ ಜನ ಯಾರು? ಉತ್ತರಗಳನ್ನು ಹೆಸರು ಸಹಿತ ಬರೆಯಿರಿ. ಕೊನೆಯ ಪ್ರಶ್ನೆ ಸುಲಭವಾಗಿ ಕಂಡರೂ ನನ್ನ ಹಾಳೆಯಲ್ಲಿ ಅದಕ್ಕೆ ಸಿಕ್ಕ ಹೆಸರುಗಳೇ ಹೆಚ್ಚು: ಅಪಾರ್ಟ್‌ಮೆಂಟಿನ ಕಾವಲುಗಾರ, ತರಕಾರಿ ಗಾಡಿಯವರು, ಚರ್ಚಿನ ಗಂಟೆ ಹೊಡೆಯುವ ಅಜ್ಜ. ಅಜ್ಜನಿಗೆ ಎಪ್ಪತ್ತು ದಾಟಿದೆ. ನಾನು “ಏ, ಬಾಗಿಲು ತೆಗೆದೆಯಾ?” ಎನ್ನುತ್ತಿದ್ದೆ. ನನ್ನ ಅಪ್ಪ ಅವರನ್ನು ಹಾಗೆಯೇ ಕರೆಯುತ್ತಿದ್ದರು, ನನಗೆ ಅದು ಅಭ್ಯಾಸವಾಗಿತ್ತು.

ಕನ್ನಡ ನಮಗೆ ಏಕವಚನ, ಬಹುವಚನ ಎರಡನ್ನೂ ಕೊಟ್ಟಿದೆ. ಕಾಸು ಖರ್ಚಿಲ್ಲದೆ ಕೈಗೆ ಸಿಗುವ ಸಾಧನ ಇದು. ಹಾಳೆಯಲ್ಲಿರುವ ಒಬ್ಬರನ್ನು ಆರಿಸಿಕೊಂಡು ನಾಳೆಯಿಂದಲೇ ‘ನೀವು’ ಎನ್ನಿ. ಮೊದಲ ದಿನ ನಾಲಿಗೆ ತೊಡರುತ್ತದೆ, ಅವರೂ ಬೆರಗಾಗುತ್ತಾರೆ. ಅಜ್ಜನಂತೂ “ಯಾಕೆ ಸಾರ್, ಏನಾದರೂ ತಪ್ಪಾಯಿತಾ?” ಎಂದು ಹೆದರಿಯೇ ಕೇಳಿದರು. ಗೌರವ ಸಿಕ್ಕಾಗ ತಪ್ಪು ಹುಡುಕಿಕೊಳ್ಳುವಂತೆ ನಾವು ಅವರನ್ನು ಪಳಗಿಸಿದ್ದೆವು. ಕಾರಣ ವಿವರಿಸಲು ಹೋಗಬೇಡಿ. ಮುಂದುವರಿಸಿ, ಅಷ್ಟೇ.

ಈ ಹಾಳೆಯಲ್ಲಿ ಜಾತಿಗೂ ಒಂದು ಸಾಲು ಬಿಡಿ. ಸಭೆಯೊಳಗೆ ಜಾತಿ ಇಲ್ಲ ಎನ್ನುವವರು ನಮ್ಮವರೇ ಕೊಡುವ ವಧೂವರರ ಜಾಹೀರಾತುಗಳನ್ನು ಒಮ್ಮೆ ಓದಲಿ.

ಕಿಟಕಿಯ ಮೇಲಿನ ಲೋಟ

ಎರಡನೆಯ ವಾರ ಮನೆಯೊಳಗೆ. ನಮ್ಮ ಊಟದ ಕೋಣೆಯ ಗೋಡೆಯಲ್ಲಿ ಕಡೇ ಭೋಜನದ ಚಿತ್ರವಿದೆ. ಯೇಸು, ಹನ್ನೆರಡು ಮಂದಿ, ಒಂದೇ ಮೇಜು. ಅದೇ ಕೋಣೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಅಡುಗೆಮನೆಯ ಕಿಟಕಿಯ ಅಂಚಿನಲ್ಲಿ, ಒಂದು ಸ್ಟೀಲ್ ಲೋಟ ಬೋರಲಾಗಿ ಇರುತ್ತಿತ್ತು. ಅಂಚು ಸ್ವಲ್ಪ ನೆಗ್ಗಿದ್ದ ಲೋಟ, ಪಕ್ಕದಲ್ಲಿ ಒಂದು ತಟ್ಟೆ. ಅದು ಮನೆಗೆಲಸದಾಕೆಯದು. ಆಕೆ ಅದರಲ್ಲೇ ಕಾಫಿ ಕುಡಿದು, ತಾನೇ ತೊಳೆದು, ತಾನೇ ಬೋರಲು ಹಾಕುತ್ತಿದ್ದರು. ನಮ್ಮ ಲೋಟಗಳನ್ನೂ ಆಕೆಯೇ ತೊಳೆಯುತ್ತಿದ್ದರು ಎನ್ನುವುದು ಬೇರೆ ಮಾತು.

ಇದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ. ಅತ್ತೆಯ ಕಾಲದಿಂದ ಇತ್ತು, ಹಾಗೆಯೇ ಉಳಿಯಿತು. ನಾವು ವಾರವಾರ ಒಂದೇ ಪಾತ್ರೆಯಿಂದ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿನ ರೊಟ್ಟಿ ಮತ್ತು ದ್ರಾಕ್ಷಾರಸ, ತೆಗೆದುಕೊಳ್ಳುವ ಜನ. ಕೊರಿಂಥದ ಸಭೆಗೆ ಪೌಲ ಬರೆದ ಮೊದಲ ಪತ್ರದ 11ನೆಯ ಅಧ್ಯಾಯದಲ್ಲಿ ಆತನಿಗೆ ಸಿಟ್ಟು ಬಂದಿದ್ದೇ ಇಂಥ ವಿಷಯಕ್ಕೆ: ಉಳ್ಳವರು ಮೊದಲೇ ಉಂಡು ಮುಗಿಸುತ್ತಾರೆ, ಇಲ್ಲದವರು ಹಸಿದು ನಿಲ್ಲುತ್ತಾರೆ, ಆಮೇಲೆ ಇಬ್ಬರೂ ಅದನ್ನು ಕರ್ತನ ಭೋಜನ ಎನ್ನುತ್ತಾರೆ.

ಏನು ಮಾಡಬೇಕು ಎಂದರೆ, ಆ ಲೋಟವನ್ನು ತೆಗೆದು ಹಾಕಿ. ಸಭೆ ಕರೆದು ಘೋಷಿಸಬೇಡಿ, ಆಕೆಯ ಎದುರು ನಾಟಕೀಯವಾಗಿ ಬಿಸಾಡಬೇಡಿ. ಮರುದಿನ ನಿಮ್ಮ ಲೋಟದಲ್ಲೇ ಕಾಫಿ ಕೊಡಿ, ಕುರ್ಚಿ ಎಳೆದು ಕೊಡಿ. ಆಕೆ ನಿಂತೇ ಕುಡಿದರೆ ಒತ್ತಾಯ ಬೇಡ. ನಮ್ಮ ಮನೆಯಲ್ಲಿ ಆಕೆ ಕುರ್ಚಿಯಲ್ಲಿ ಕೂತದ್ದು ಎರಡು ತಿಂಗಳ ನಂತರ, ಅದೂ ಮಂಡಿ ನೋವಿದ್ದ ದಿನ.

ಲೋಟ ಬದಲಾಯಿಸಿ ಸಂಬಳ ಬದಲಾಯಿಸದಿದ್ದರೆ ಅದು ಬರೀ ತೋರಿಕೆ. ಕೂಲಿಯನ್ನು ತಡೆಹಿಡಿದರೆ ಆ ಕೂಲಿಯೇ ಕೂಗಿಕೊಳ್ಳುತ್ತದೆ ಎಂದು ಯಾಕೋಬನ ಪತ್ರದ 5ನೆಯ ಅಧ್ಯಾಯ ಎಚ್ಚರಿಸುತ್ತದೆ. ತಿಂಗಳ ಮೊದಲ ದಿನವೇ ಸಂಬಳ, ವಾರಕ್ಕೊಂದು ರಜೆ, ಕಾಯಿಲೆ ಬಿದ್ದರೆ ಕಡಿತವಿಲ್ಲ, ವರ್ಷಕ್ಕೊಮ್ಮೆ ಕೇಳದೆಯೇ ಏರಿಕೆ. ಕ್ರಿಸ್ಮಸ್ ದಿನ ನಮ್ಮ ಮನೆಗೆ ನೆಂಟರು ಬರುತ್ತಾರೆ, ಪಾತ್ರೆ ರಾಶಿ ಬೀಳುತ್ತದೆ. ಅಂದು ಆಕೆಗೆ ರಜೆ ಕೊಟ್ಟು ನೋಡಿ. ನಿಮ್ಮ ವಿಶ್ವಾಸದ ತೂಕ ಸಂಜೆಯ ಹೊತ್ತಿಗೆ ಸಿಂಕಿನಲ್ಲಿ ಗೊತ್ತಾಗುತ್ತದೆ.

ಗಂಡಸರಿಗೆ ಇನ್ನೊಂದು ಮಾತು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತನ್ನ ಮಠಕ್ಕೆ ನಿಯಮ ಬರೆದಾಗ ದೀನತೆಗೆ ಹನ್ನೆರಡು ಮೆಟ್ಟಿಲು ಹೇಳಿದ. ಅವು ಓದಲು ಚೆಂದ. ಆದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ನಿಯಮದ ಅಡುಗೆಮನೆಯ ಅಧ್ಯಾಯ. ಸೋದರರು ವಾರಕ್ಕೊಬ್ಬರಂತೆ ಅಡುಗೆಮನೆಯ ಪಾಳಿ ಮಾಡಬೇಕು; ಕಾಯಿಲೆಯೋ ತೀರಾ ಮುಖ್ಯವಾದ ಕೆಲಸವೋ ಇದ್ದವರನ್ನು ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ; ಪಾಳಿ ಮುಗಿಸುವವನು ಕೈ ಕಾಲು ಒರೆಸುವ ಬಟ್ಟೆಗಳನ್ನು ಒಗೆದು ಕೊಡಬೇಕು. ಮೆಟ್ಟಿಲುಗಳನ್ನು ಧ್ಯಾನಿಸಬಹುದು, ಆದರೆ ಮಸಿಬಟ್ಟೆಯನ್ನು ಒಗೆದೇ ತೀರಬೇಕು. ನಿಮ್ಮ ಮನೆಯ ಫ್ರಿಜ್ ಬಾಗಿಲಿಗೆ ಪಾಳಿಯ ಒಂದು ಚೀಟಿ ಅಂಟಿಸಿ. ‘ಹೆಂಡತಿಗೆ ಸಹಾಯ ಮಾಡುತ್ತೇನೆ’ ಎಂಬ ಮಾತನ್ನು ಅಂದಿನಿಂದ ಬಿಡಿ. ಉಂಡವರ ಮನೆಯ ಕೆಲಸ ಅದು.

‘ಆದರೆ’ ಇಲ್ಲದ ಕ್ಷಮೆ

ಮೂರನೆಯ ವಾರದ್ದು ಕಷ್ಟದ ಕೆಲಸ. ದೇವರ ಮುಂದೆ “ನಾನು ಪಾಪಿ” ಎನ್ನಲು ನಮಗೆ ಸಂಕೋಚವಿಲ್ಲ. ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ಓದುತ್ತೇವೆ, ದನಿಯೂ ಗಟ್ಟಿಯಾಗಿಯೇ ಇರುತ್ತದೆ. ಅದೇ ಮಧ್ಯಾಹ್ನ ಮಗಳು “ಅಪ್ಪ, ನೀವು ಹೇಳಿದ್ದು ತಪ್ಪು” ಎಂದರೆ ಮೀಸೆ ಕುಣಿಯುತ್ತದೆ. ಪಾಪಿ ಎಂದು ಒಪ್ಪಿಕೊಂಡವನಿಗೆ ಒಂದು ತಪ್ಪು ಒಪ್ಪಿಕೊಳ್ಳಲು ಆಗುವುದಿಲ್ಲ.

ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಕ್ರಮ ಸ್ಪಷ್ಟವಾಗಿದೆ. ಯಜ್ಞವೇದಿಯ ಬಳಿ ಕಾಣಿಕೆ ತಂದಾಗ ನಿನ್ನ ಮೇಲೆ ಸಹೋದರನಿಗೆ ಮನಸ್ತಾಪ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಒಂದಾಗು. ನನಗೆ ಅವನ ಮೇಲೆ ಸಿಟ್ಟಿದ್ದರೆ ಎಂದಲ್ಲ, ಅವನಿಗೆ ನನ್ನ ಮೇಲೆ ಇದ್ದರೆ. ಹೊರಡಬೇಕಾದವನು ನಾನು.

ದಕ್ಷಿಣ ಇಂಡಿಯಾ ಸಭೆಯಲ್ಲಿ, ಅಂದರೆ ಸಿಎಸ್‌ಐನಲ್ಲಿ ಬೆಳೆದವರಿಗೆ ಕರ್ತನ ಭೋಜನಕ್ಕೆ ಮುನ್ನ ಒಬ್ಬರಿಂದೊಬ್ಬರಿಗೆ ಕೈಯಿಂದ ಕೈಗೆ ದಾಟಿಸುವ ಸಮಾಧಾನದ ವಂದನೆ ಗೊತ್ತು. 1950ರಲ್ಲಿ ಸಿದ್ಧವಾದ ಆರಾಧನಾ ಕ್ರಮದಲ್ಲಿ ಅದು ಬಂತು. ಕೇರಳದ ಸುರಿಯಾನಿ ಕ್ರೈಸ್ತರ ಪದ್ಧತಿಯಿಂದ ಪಡೆದದ್ದು. ಆ ಸಭೆ ಹುಟ್ಟಿದ್ದೇ ಇಂಥ ಕೈ ಚಾಚುವಿಕೆಯಿಂದ. ಬಿಷಪ್ಪರು ಬೇಕು ಎನ್ನುವ ಆಂಗ್ಲಿಕನ್ನರು, ಬಿಷಪ್ಪರಿಲ್ಲದೆ ನಡೆದುಕೊಂಡು ಬಂದಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಯವರು 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಶುರು ಮಾಡಿ, ಆಮೇಲೆ ಬಿಷಪ್ಪರಿಲ್ಲದ ಮೆಥೊಡಿಸ್ಟರೂ ಸೇರಿ, ಒಂದಾದದ್ದು 1947ರ ಸೆಪ್ಟೆಂಬರ್ 27ರಂದು. 28 ವರ್ಷ ಬೇಕಾಯಿತು. ಪ್ರತಿಯೊಬ್ಬರೂ ತಮಗೆ ಪ್ರಿಯವಾದದ್ದನ್ನು ಸ್ವಲ್ಪ ಸಡಿಲಿಸಬೇಕಾಯಿತು. ಇಂದು ಅದೇ ಸಭೆಯ ಮಕ್ಕಳಾದ ನಾವು ಸಮಾಧಾನದ ವಂದನೆ ದಾಟಿಸುವಾಗ, ಮಾತು ಬಿಟ್ಟವರು ಕೂತ ಬೆಂಚನ್ನು ಸುತ್ತಿ ಬಳಸಿ ಹೋಗುವ ಕಲೆಯನ್ನು ಕರಗತ ಮಾಡಿಕೊಂಡಿದ್ದೇವೆ. ಕುಂಬಳಕಾಯಿಯ ಎದುರಾಳಿ ಮೂರನೆಯ ಸಾಲಿನ ಎಡತುದಿಯಲ್ಲಿ ಕೂರುತ್ತಿದ್ದರು. ನಾನು ಬಲಗಡೆಯ ನಡುದಾರಿ ಹಿಡಿಯುತ್ತಿದ್ದೆ.

ಕ್ಷಮೆ ಕೇಳುವ ವಿಧಾನ ಹೀಗೆ. ಮೂರು ವಾಕ್ಯ ಸಾಕು. ಏನು ಮಾಡಿದೆ ಎಂಬುದು ಒಂದು, ಅದು ತಪ್ಪು ಎಂಬುದು ಒಂದು, ಸರಿಪಡಿಸಲು ಏನು ಮಾಡುತ್ತೇನೆ ಎಂಬುದು ಇನ್ನೊಂದು. ‘ಆದರೆ’ ಎಂಬ ಪದ ಬಂದರೆ ಅದಕ್ಕೆ ಹಿಂದಿನದ್ದೆಲ್ಲ ಅಳಿಸಿ ಹೋಗುತ್ತದೆ. ‘ನಿಮಗೆ ಬೇಜಾರಾಗಿದ್ದರೆ’ ಎಂಬುದೂ ಬೇಡ, ಅದು ತಪ್ಪನ್ನು ಅವರ ಮನಸ್ಸಿನ ಮೇಲೆ ಹೊರಿಸುವ ಜಾಣತನ. ವಾಟ್ಸ್ಆ್ಯಪಿನಲ್ಲಿ ಕೈಮುಗಿದ ಚಿತ್ರ ಕಳಿಸುವುದು ಕ್ಷಮೆಯಲ್ಲ. ಎದುರು ಹೋಗಿ, ಆಗದಿದ್ದರೆ ಫೋನ್ ಮಾಡಿ. ಮತ್ತು ಉತ್ತರವಾಗಿ ಅವರು ತಕ್ಷಣ ಕ್ಷಮಿಸಲೇಬೇಕು ಎಂದು ಕಾಯಬೇಡಿ.

ನಾನು ಅವರ ಮನೆಗೆ ಹೋದದ್ದು ಒಂದು ಶನಿವಾರ ಸಂಜೆ. “ಚುನಾವಣೆಯ ಸಮಯದಲ್ಲಿ ನಿಮ್ಮ ಲೆಕ್ಕದ ಬಗ್ಗೆ ನಾನು ಹಬ್ಬಿಸಿದ ಮಾತು ಸುಳ್ಳು ಎಂದು ನನಗೆ ಆಗಲೇ ಗೊತ್ತಿತ್ತು. ನಾನು ತಪ್ಪು ಮಾಡಿದೆ. ಮುಂದಿನ ಕಮಿಟಿ ಸಭೆಯಲ್ಲಿ ಅದನ್ನು ನಾನೇ ಹೇಳುತ್ತೇನೆ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಕಾಫಿಗೆ ಸಕ್ಕರೆ ಎಷ್ಟು?” ಎಂದರು. ನಾವು ಈಗಲೂ ಆಪ್ತ ಸ್ನೇಹಿತರಲ್ಲ. ಆದರೆ ನಾನು ಎಡಗಡೆಯ ನಡುದಾರಿಯಲ್ಲೂ ನಡೆಯಬಲ್ಲೆ.

ಬಗ್ಗಬಾರದ ಜಾಗ

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಭೆಗಳಲ್ಲಿ ದೀನತೆಯ ಉಪದೇಶ ಹೆಚ್ಚಾಗಿ ಬೀಳುವುದು ಆಗಲೇ ಬಗ್ಗಿದ ಬೆನ್ನಿನ ಮೇಲೆ. ಗಂಡನ ಹೊಡೆತ ತಿಂದು ಬಂದವಳಿಗೆ “ತಗ್ಗಿ ನಡೆಯಮ್ಮ, ಪ್ರಾರ್ಥನೆ ಮಾಡು” ಎನ್ನುತ್ತೇವೆ. ಬಾಕಿ ಕೂಲಿ ಕೇಳಿದವನಿಗೆ ತಾಳ್ಮೆಯ ವಚನ ಓದುತ್ತೇವೆ. ಇದು ದೀನತೆಯ ಉಪದೇಶವಲ್ಲ, ಮೇಲಿರುವವರ ಅನುಕೂಲ. ಮೇಲೆ ಹೇಳಿದ ಹಾಳೆಯಲ್ಲಿ ನೀವು ಎತ್ತರದಲ್ಲಿರುವ ಕಡೆ ಮಾತ್ರ ಬಗ್ಗಿ. ನಿಮ್ಮನ್ನು ತುಳಿಯುತ್ತಿರುವ ಕಡೆ ನೆಟ್ಟಗೆ ನಿಲ್ಲಿ, ಬೇಕಾದವರ ಸಹಾಯ ಪಡೆಯಿರಿ. ಪ್ರಧಾನಯಾಜಕನ ಎದುರು ವಿಚಾರಣೆಯ ಹೊತ್ತಿನಲ್ಲಿ ಒಬ್ಬ ಆಳು ಕೆನ್ನೆಗೆ ಹೊಡೆದಾಗ ಯೇಸು ಸುಮ್ಮನಿರಲಿಲ್ಲ. ನಾನು ಹೇಳಿದ್ದು ತಪ್ಪಾದರೆ ತೋರಿಸು, ಸರಿಯಾದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದ. ಪಾದ ತೊಳೆದ ರಾತ್ರಿಯೇ ಅದು.

ಫ್ಯಾನಿನ ರೆಕ್ಕೆ

ನಮ್ಮ ಪ್ರಾರ್ಥನಾಲಯಗಳಲ್ಲಿ ಫ್ಯಾನು ನಿಂತಾಗ ತಲೆಯೆತ್ತಿ ನೋಡಿ. ರೆಕ್ಕೆಗಳ ಮೇಲೆ ದಾನಿಗಳ ಹೆಸರು ಇರುತ್ತದೆ. ಕರೆಂಟು ಇರುವಷ್ಟು ಹೊತ್ತು ಹೆಸರು ಕಾಣುವುದಿಲ್ಲ, ಗಾಳಿ ಮಾತ್ರ ಬರುತ್ತದೆ. ಕರೆಂಟು ಹೋದಾಗ ಗಾಳಿ ಇಲ್ಲ, ಹೆಸರು ಕಾಣುತ್ತದೆ. ಬೆಂಚಿಗೂ ಗಡಿಯಾರಕ್ಕೂ ಇದೇ ಗತಿ. ತೀರಿಕೊಂಡ ತಾಯಿಯ ನೆನಪಿಗೆ ಹಾಕಿಸಿದ್ದರೆ ನಾನು ತಕರಾರು ಮಾಡುವುದಿಲ್ಲ. ಅದರಲ್ಲಿ ದುಃಖವೂ ಪ್ರೀತಿಯೂ ಇದೆ. ಬದುಕಿರುವವರು ತಮ್ಮ ಹೆಸರನ್ನು ತಾವೇ ಬರೆಸಿಕೊಳ್ಳುವುದನ್ನು ಮಾತ್ರ ಹೇಳುತ್ತಿದ್ದೇನೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತಿದೆಯಲ್ಲ, ನಮ್ಮ ಬಲಗೈ ಎಡಗೈಗೆ ಮಾತ್ರವಲ್ಲ, ಇಡೀ ವಾಟ್ಸ್ಆ್ಯಪ್ ಗುಂಪಿಗೆ ಹೇಳುತ್ತದೆ.

ಅಭ್ಯಾಸ ಸರಳ. ತಿಂಗಳಿಗೆ ಒಂದು ಕೊಡುಗೆಯನ್ನು ಯಾರಿಗೂ ತಿಳಿಯದಂತೆ ಕೊಡಿ. ಹೆಸರಿಲ್ಲದ ಲಕೋಟೆಯಲ್ಲಿ ನಗದು ಹಾಕಿ. ಮಗುವಿನ ಶಾಲಾ ಶುಲ್ಕವಾದರೆ ಶಾಲೆಯಲ್ಲೇ ಕಟ್ಟಿ, ಕಟ್ಟಿದವರು ಯಾರು ಎಂದು ಮನೆಯವರಿಗೆ ಹೇಳಬೇಡಿ ಎಂದು ಕೋರಿ. ಮೊಬೈಲಿನಿಂದ ಹಣ ಕಳಿಸಿದರೆ ಹೆಸರು ಗೊತ್ತಾಗಿಬಿಡುತ್ತದೆ, ಇಂಥದ್ದಕ್ಕೆ ಹಳೆಯ ನೋಟೇ ಒಳ್ಳೆಯದು. ಆಮೇಲೆ ನಿಜವಾದ ಪರೀಕ್ಷೆ: ಆ ಕೆಲಸಕ್ಕೆ ಬೇರೆಯವರಿಗೆ ಹೊಗಳಿಕೆ ಸಿಕ್ಕಾಗ ಬಾಯಿ ಮುಚ್ಚಿಕೊಂಡಿರುವುದು. ನಾನು ಎರಡು ಸಲ ಗೆದ್ದೆ, ಒಂದು ಸಲ ಹೆಂಡತಿಯ ಕಿವಿಯಲ್ಲಿ ಹೇಳಿಬಿಟ್ಟೆ.

ಸಭೆಯೊಳಗಿನ ಉಳಿದ ಅಭ್ಯಾಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಔತಣದಲ್ಲಿ ಕೊನೆಯ ಜಾಗದಲ್ಲಿ ಕೂರು ಎಂದು ಲೂಕನ ಸುವಾರ್ತೆಯ 14ನೆಯ ಅಧ್ಯಾಯ ಹೇಳಿದೆಯೆಂದು ಚರ್ಚಿನ ಕೊನೆಯ ಸಾಲಿಗೆ ಓಡಬೇಡಿ. ನಮ್ಮಲ್ಲಿ ಅದು ಪ್ರಸಂಗ ಉದ್ದವಾದರೆ ಮೆಲ್ಲನೆ ಜಾರಿಕೊಳ್ಳುವವರ ಮೀಸಲು ಜಾಗ. ಬದಲಿಗೆ, ಪಕ್ಕದಲ್ಲಿ ಯಾರೂ ಕೂರದ ಒಬ್ಬರು ಪ್ರತಿ ಸಭೆಯಲ್ಲೂ ಇರುತ್ತಾರೆ, ಅವರ ಪಕ್ಕ ಕೂರಿ. ಪ್ರೀತಿಭೋಜನದ ದಿನ ಬಡಿಸಲು ಮುನ್ನುಗ್ಗಬೇಡಿ, ಬಡಿಸುವವರ ಫೋಟೋ ಬರುತ್ತದೆ. ಹಿಂದುಗಡೆ ನಲ್ಲಿಯ ಬಳಿ ಹಂಡೆ ತಿಕ್ಕುವವರಿಗೆ ಕೈ ಬೇಕಾಗಿರುತ್ತದೆ. ಕಮಿಟಿಯ ಅವಧಿ ಮುಗಿದಾಗ “ಅನುಭವ ಇದೆ, ನೀವೇ ಇರಿ” ಎಂದರೂ ಇಳಿಯಿರಿ, ಬೀಗದ ಕೈಗಳನ್ನು ಅದೇ ದಿನ ಕೊಟ್ಟುಬಿಡಿ. ಪುಸ್ತಕದ ಕಪಾಟಿನ ಒಂದು ಕೀಲಿಯನ್ನು ನಾನು ಎಂಟು ತಿಂಗಳು ಇಟ್ಟುಕೊಂಡಿದ್ದೆ. ಮರೆತು ಅಲ್ಲ.

ತೊಳೆಸಿಕೊಳ್ಳುವುದು

ಪಾದ ತೊಳೆಯುವುದನ್ನು ಕಲಿತವರಿಗೂ ತೊಳೆಸಿಕೊಳ್ಳುವುದು ಬರುವುದಿಲ್ಲ. ಯೇಸುವಿನ ಶಿಷ್ಯ ಪೇತ್ರನಿಗೂ ಬರಲಿಲ್ಲ, ನೀನು ನನ್ನ ಕಾಲು ತೊಳೆಯಲೇಬಾರದು ಎಂದುಬಿಟ್ಟ. ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ ಈ ಆಚರಣೆ ನಡೆಯುವ ಚರ್ಚುಗಳಲ್ಲಿ ಆಯ್ಕೆಯಾದ ಹನ್ನೆರಡು ಮಂದಿ ಮನೆಯಲ್ಲೇ ಸೋಪು ಹಚ್ಚಿ ಉಜ್ಜಿ, ಉಗುರು ಕತ್ತರಿಸಿಕೊಂಡು ಬರುವುದನ್ನು ನೋಡಿದ್ದೇನೆ. ಕೊಳೆಯಿಲ್ಲದ ಕಾಲನ್ನು ತೊಳೆಸಿಕೊಳ್ಳಲು ಯಾರಿಗೂ ಕಷ್ಟವಿಲ್ಲ. 2013ರ ಮಾರ್ಚ್ 28ರಂದು ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಯಲ್ಲಿ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರಿದ್ದರು. ಎಲ್ಲರೂ ಪೋಪರ ದೀನತೆಯ ಬಗ್ಗೆ ಬರೆದರು. ಕಾಲು ಚಾಚಿ ಕೂತ ಆ ಮಕ್ಕಳಿಗೆ ಎಷ್ಟು ಮುಜುಗರವಾಗಿರಬೇಕು ಎಂದು ನಾನು ಯೋಚಿಸಿದ್ದು ಬಹಳ ತಡವಾಗಿ, ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ.

ಆರು ವಾರ ಮಲಗಿದ್ದೆ. ಮಗ ಬೇರೆ ಊರಿನಲ್ಲಿ, ಹೆಂಡತಿಗೆ ನನ್ನನ್ನು ಎತ್ತುವ ಶಕ್ತಿಯಿಲ್ಲ. ನಮ್ಮ ಸಭೆಯ ಯುವಕನೊಬ್ಬ ದಿನಾ ಬೆಳಿಗ್ಗೆ ಆರೂವರೆಗೆ ಬಂದು, ನನ್ನನ್ನು ಮಗ್ಗುಲಿಗೆ ಹೊರಳಿಸಿ, ಮೈ ಒರೆಸಿ, ಬೆಡ್‌ಪ್ಯಾನ್ ತೆಗೆದು ತೊಳೆದು, ಕೈ ತೊಳೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಅವನ ತಂದೆ ಪೌರಕಾರ್ಮಿಕರಾಗಿದ್ದವರು. ನನ್ನ ಅಪ್ಪ ಅವರಿಗೆ ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ ದುಡ್ಡು ಕೊಡುತ್ತಿದ್ದುದು ನನಗೆ ನೆನಪಿದೆ. ಅವನಿಗೂ ನೆನಪಿರಬೇಕು. ಮೊದಲ ವಾರ ನಾನು ಪ್ರತಿದಿನ “ಸಾಕಪ್ಪ, ನಿನಗೆ ತೊಂದರೆ” ಎನ್ನುತ್ತಿದ್ದೆ. ಒಂದು ದಿನ ಅವನು ಬಕೆಟ್ ಕೆಳಗಿಟ್ಟು, “ಅಂಕಲ್, ನೀವು ಸುಮ್ಮನೆ ಮಲಗಿದರೆ ನನಗೆ ಬೇಗ ಮುಗಿಯುತ್ತದೆ” ಎಂದ. ನನ್ನ ಸಂಕೋಚದಲ್ಲಿ ದೊಡ್ಡಸ್ತಿಕೆ ಎಷ್ಟಿತ್ತು ಎಂಬುದು ಅವನಿಗೆ ಕಂಡಿತ್ತು. ನನಗೆ ಕಾಣಲು ಇನ್ನೂ ನಾಲ್ಕು ದಿನ ಹಿಡಿಯಿತು.

ನೀವು ಮೂಳೆ ಮುರಿದುಕೊಳ್ಳುವವರೆಗೆ ಕಾಯಬೇಡಿ. ವಾರಕ್ಕೊಮ್ಮೆ ಒಬ್ಬರ ಬಳಿ ಏನನ್ನಾದರೂ ಕೇಳಿ, ನಿಮ್ಮ ಹಾಳೆಯಲ್ಲಿ ನಿಮಗಿಂತ ಕೆಳಗೆ ಬರೆದವರ ಬಳಿಯೇ. ಮೊಬೈಲಿನ ಒಂದು ಕೆಲಸ ಕಲಿಸಿಕೊಡಿ ಎನ್ನಿ, ಒಂದು ಊಟ ಹಾಕಿ ಎನ್ನಿ, ನನಗಾಗಿ ಪ್ರಾರ್ಥಿಸಿ ಎನ್ನಿ. ಅವರು ಪ್ರಾರ್ಥಿಸುವಾಗ ಮಧ್ಯೆ ಬಾಯಿ ಹಾಕಿ ಅವರ ಭಾಷೆ ತಿದ್ದಬೇಡಿ. ಅವರ ಮನೆಯಲ್ಲಿ ಕೊಟ್ಟ ನೀರು ಕುಡಿಯಿರಿ, ಬಾಟಲಿ ಒಯ್ಯಬೇಡಿ.

ಬೇಲಿಯಾಚೆ

ಬೇರೆ ಧರ್ಮದ ನೆರೆಹೊರೆಯವರ ಮಧ್ಯೆ ಬದುಕುವ ನಮಗೆ ಇನ್ನೊಂದು ಪರೀಕ್ಷೆ ಇದೆ. ವಿಶ್ವಾಸದ ಕಾರಣ ಕೇಳಿದವರಿಗೆ ಉತ್ತರ ಹೇಳಲು ಸಿದ್ಧರಿರಿ, ಆದರೆ ಸೌಮ್ಯತೆಯಿಂದ, ಗೌರವದಿಂದ ಎಂದು ಪೇತ್ರನ ಮೊದಲ ಪತ್ರ ಹೇಳುತ್ತದೆ. ಅದರಲ್ಲಿ ‘ಕೇಳಿದವರಿಗೆ’ ಎಂಬ ಮಾತೂ ಇದೆ. ರಾತ್ರಿ ಹನ್ನೊಂದಕ್ಕೆ ಕ್ಯಾರೊಲ್ ತಂಡ ಡ್ರಮ್ ಬಾರಿಸಿಕೊಂಡು ಬೀದಿಗೆ ಬರುವಾಗ ಯಾರೂ ಕೇಳಿರುವುದಿಲ್ಲ. ಎದುರು ಮನೆಯಲ್ಲಿ ಪರೀಕ್ಷೆಗೆ ಓದುವ ಮಗು ಇದೆಯೇ ಎಂದು ಮೊದಲೇ ವಿಚಾರಿಸಿ, ಒಂಬತ್ತರೊಳಗೆ ಮುಗಿಸಿ.

ಕಲಿಯುವವನ ಜಾಗದಲ್ಲಿ ಕೂರುವುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆ ಇದೆ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದದ್ದು ಬೋಧಿಸಲು. ಆದರೆ ಬದುಕಿನ ಬಹುಭಾಗ ಕಳೆದದ್ದು ಕೇಳುತ್ತಾ, ಬರೆದುಕೊಳ್ಳುತ್ತಾ. ಹಳಗನ್ನಡದ ವ್ಯಾಕರಣ, ಛಂದಸ್ಸಿನ ಗ್ರಂಥಗಳ ಮುಂದೆ ವಿದ್ಯಾರ್ಥಿಯಾಗಿ ಕೂತ. ಅವನ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಬಂದದ್ದು 1894ರಲ್ಲಿ. ಪಕ್ಕದ ಮನೆಯವರ ಹಬ್ಬದ ಬಗ್ಗೆ ನಮಗೆ ಎಷ್ಟು ಗೊತ್ತು? ಗೌರಿ ಹಬ್ಬದ ಬಾಗಿನ ಯಾಕೆ, ರಂಜಾನ್ ಉಪವಾಸ ಬಿಡುವುದು ಹೇಗೆ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರಿ. ಕೊನೆಯಲ್ಲಿ “ನಮ್ಮಲ್ಲಿ ಹೇಗೆಂದರೆ” ಎಂದು ಶುರು ಮಾಡಬೇಡಿ.

ರಾತ್ರಿ ಒಂದು ಸಾಲು

ಮಲಗುವ ಮುಂಚೆ ಐದು ನಿಮಿಷ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ, ಬೀಗ ಬೇಡ, ಯಾರೂ ಓದುವಂಥದ್ದೇನೂ ಅದರಲ್ಲಿ ಇರುವುದಿಲ್ಲ. ಒಂದೇ ಪ್ರಶ್ನೆ: ಇಂದು ಎಲ್ಲಿ ನನ್ನನ್ನು ನಾನು ಎತ್ತಿ ತೋರಿಸಿಕೊಂಡೆ? ಒಂದೇ ಸಾಲಿನ ಉತ್ತರ. ಎಷ್ಟು ತಗ್ಗಿದೆ ಎಂದು ಬರೆಯಬೇಡಿ, ಅದು ಯೇಸು ಹೇಳಿದ ಕಥೆಯಲ್ಲಿ ತನ್ನ ಧರ್ಮನಿಷ್ಠೆಯನ್ನು ತಾನೇ ಹೊಗಳಿಕೊಂಡ ಫರಿಸಾಯನ ಲೆಕ್ಕಪುಸ್ತಕವಾಗುತ್ತದೆ. ವಾರಕ್ಕೆರಡು ಸಲ ಉಪವಾಸ ಮಾಡುತ್ತೇನೆ, ದಶಮಾಂಶ ಕೊಡುತ್ತೇನೆ ಎಂದು ದೇವರಿಗೆ ಒಪ್ಪಿಸಿದ ಆತನ ಲೆಕ್ಕದಲ್ಲಿ ಒಂದು ಪೈಸೆಯೂ ತಪ್ಪಿರಲಿಲ್ಲ. ಬರೆದ ಮೇಲೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ. ಅದರಲ್ಲಿ ‘ನಾನು’ ಎಂಬ ಪದ ಒಂದು ಸಲವೂ ಬರುವುದಿಲ್ಲ ಎಂಬುದನ್ನು ಗಮನಿಸಿ. ತಂದೆಯೂ ನಮ್ಮವನು, ರೊಟ್ಟಿಯೂ ನಮ್ಮದು, ತಪ್ಪುಗಳೂ ನಮ್ಮವು. ತಿಂಗಳಿಗೊಮ್ಮೆ ನೋಟ್‌ಬುಕ್ಕನ್ನು ಮನೆಯವರೊಬ್ಬರ ಕೈಗೆ ಕೊಟ್ಟು, ಬಿಟ್ಟುಹೋದದ್ದನ್ನು ಸೇರಿಸಲು ಹೇಳಿ. ನನ್ನ ಹೆಂಡತಿ ಮೊದಲ ತಿಂಗಳು ಒಂದೂವರೆ ಪುಟ ಸೇರಿಸಿದಳು. ಈಗ ನಾಲ್ಕೈದು ಸಾಲಿಗೆ ಇಳಿದಿದೆ. ಅವಳಿಗೆ ಬೇಸರ ಬಂದಿದ್ದರೂ ಇರಬಹುದು.

ನಿನ್ನೆ ರಾತ್ರಿಯ ಸಾಲು ಹೀಗಿದೆ: ‘ದೀನತೆಯ ಬಗ್ಗೆ ಲೇಖನ ಬರೆಯುತ್ತಿದ್ದೇನೆ ಎಂದು ಇಂದು ಮೂವರಿಗೆ ಹೇಳಿದೆ. ಮೂವರಲ್ಲಿ ಯಾರೂ ಕೇಳಿರಲಿಲ್ಲ.’